ಕೊಕ್ಕು ಮೊದಲು, ಹೆಸರು ಆಮೇಲೆ

ಮಂಡ್ಯ ಸೀಮೆಯ ಯಾವುದಾದರೂ ನಾಲೆ ಏರಿಯ ಮೇಲೆ ಕೊರಳಿಗೆ ದುರ್ಬೀನು ಹಾಕಿಕೊಂಡು ಐದು ನಿಮಿಷ ನಿಂತರೆ ಸಾಕು, ಒಂದು ಟಿವಿಎಸ್ ಬಂದು ಪಕ್ಕದಲ್ಲಿ ನಿಲ್ಲುತ್ತದೆ. "ಏನ್ ಸಾ, ಸರ್ವೆನಾ? ಇಲ್ಲೂ ರೋಡ್ ಬತ್ತದಾ?" ಹಕ್ಕಿ ನೋಡುತ್ತಿದ್ದೇವೆ ಎಂದರೆ ಮೊದಲು ಅನುಮಾನ, ಆಮೇಲೆ ನಗು. "ಅದ್ ನೋಡಕ್ ಮೈಸೂರಿಂದ ಬರ್ಬೇಕಾ ಸಾ? ನಮ್ ಗದ್ದೆ ತುಂಬಾ ಅವೇ ಅಲ್ವಾ ಇರೋದು!"

ಆ ನಗುವಿನಲ್ಲಿ ಗೇಲಿ ಎಷ್ಟಿದೆಯೋ ನಿಜವೂ ಅಷ್ಟೇ ಇದೆ. ಹಕ್ಕಿ ನೋಡುವ ಗೀಳು ಹತ್ತಿದವರಲ್ಲಿ ಬಹಳ ಮಂದಿ ಬೇಗನೆ ಪಟ್ಟಿಗೆ ದಾಸರಾಗಿಬಿಡುತ್ತಾರೆ. ಜೀವಮಾನದಲ್ಲಿ ಮೊದಲ ಸಲ ಕಂಡ ಹಕ್ಕಿಗೆ ಈ ವಲಯದಲ್ಲಿ 'ಲೈಫರ್' ಎನ್ನುತ್ತಾರೆ. ಲೈಫರ್ ಬೆನ್ನು ಹತ್ತಿ ನಸುಕಿನಲ್ಲಿ ನೂರು ಕಿಲೋಮೀಟರು ಗಾಡಿ ಓಡಿಸಿ, ಎರಡು ಸೆಕೆಂಡು ಕಂಡದ್ದನ್ನು ಇಬರ್ಡ್ ಎಂಬ ಹಕ್ಕಿಪಟ್ಟಿಯ ಜಾಲತಾಣಕ್ಕೆ ಏರಿಸಿ, ಮದ್ದೂರಿನಲ್ಲಿ ವಡೆ ತಿಂದು ವಾಪಸಾಗುವುದು ಒಂದು ಬಗೆಯ ಸುಖವೇ ಸರಿ. ಆದರೆ ಆ ಎರಡು ಸೆಕೆಂಡಿನಲ್ಲಿ ಹಕ್ಕಿ ಏನು ಮಾಡುತ್ತಿತ್ತು ಎಂದು ಕೇಳಿ ನೋಡಿ, ಉತ್ತರ ಬರುವುದಿಲ್ಲ. ಈ ಸೀಮೆಯ ಪುಣ್ಯವೆಂದರೆ, ಕಣ್ಣಿಗೆ ಅತಿ ವಿಚಿತ್ರವಾಗಿ ಕಾಣುವ ಹಕ್ಕಿಗಳು ಇಲ್ಲಿ ಅಪರೂಪದವಲ್ಲ. ಮುಚ್ಚಲಾಗದ ಕೊಕ್ಕಿನದು, ಚಮಚದ ಮೂತಿಯದು, ಗಂಟಲಿಗೆ ಚೀಲ ಕಟ್ಟಿಕೊಂಡದ್ದು, ಹಾವಿನ ಕತ್ತಿನದು, ಎಲ್ಲವೂ ಊರ ಕೆರೆಯಲ್ಲೇ ಸಿಗುತ್ತವೆ. ಅವುಗಳ ಹಿಂದೆ ಓಡಬೇಕಿಲ್ಲ, ಎದುರಿಗೆ ಕೂತರೆ ಸಾಕು. ಕೂತವರು ಹೆಸರಿನ ಗೊಡವೆ ಬಿಟ್ಟು ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟು: ಇದು ಏನು ತಿನ್ನುತ್ತದೆ, ಹೇಗೆ ತಿನ್ನುತ್ತದೆ?

ಬಾಯ್ಕಳಕದಿಂದ ಶುರು ಮಾಡುವುದು ಒಳ್ಳೆಯದು. ನಾಟಿಗೆ ಮುಂಚೆ ಕೆಸರು ಮಾಡಿದ ಗದ್ದೆಗೆ ಇಳಿಯುವ, ಬೂದು ಬಿಳುಪಿನ, ರೆಕ್ಕೆಯಂಚು ಕಪ್ಪಗಿರುವ ಕೊಕ್ಕರೆ ಇದು. ಕೊಕ್ಕು ಬುಡದಲ್ಲೂ ತುದಿಯಲ್ಲೂ ಕೂಡುತ್ತದೆ, ನಡುವೆ ಮಾತ್ರ ಬೆಳಕು ತೂರುವಷ್ಟು ಸಂದು. ನೋಡಿದ ಕೂಡಲೇ ಅಡಕೆಕತ್ತರಿಯ ನೆನಪಾಗುತ್ತದೆ. ಆ ಸಂದಿನಲ್ಲಿ ಬಸವನಹುಳುವನ್ನಿಟ್ಟು ಕಟಕ್ಕನೆ ಒಡೆಯುತ್ತದೆ ಎಂದು ಬಹುಕಾಲ ನಂಬಿದವರಿದ್ದರು, ಈಗಲೂ ಹಾಗೆ ಹೇಳುವ ಗೈಡುಗಳಿದ್ದಾರೆ. ಹಾಗೆ ಆಗುವುದಿಲ್ಲ. ಹಕ್ಕಿ ಚಿಪ್ಪನ್ನು ಮೇಲಿನ ಕೊಕ್ಕಿನಿಂದ ಕೆಸರಿಗೆ ಒತ್ತಿ ಹಿಡಿಯುತ್ತದೆ. ಕೆಳಗಿನ ಕೊಕ್ಕಿನ ಚೂಪು ತುದಿಯನ್ನು ಚಿಪ್ಪಿನ ಮುಚ್ಚಳದ ಪಕ್ಕದಿಂದ ಒಳಗೆ ತೂರಿಸಿ, ಹುಳುವನ್ನು ಚಿಪ್ಪಿಗೆ ಬಿಗಿದಿರುವ ಸ್ನಾಯುವನ್ನು ಕತ್ತರಿಸುತ್ತದೆ. ಆಮೇಲೆ ತಲೆಯನ್ನೊಮ್ಮೆ ಕೊಡವಿದರೆ ಮಾಂಸ ಹೊರಗೆ, ಚಿಪ್ಪು ಕೆಳಗೆ. ಇದೆಲ್ಲ ಹೆಚ್ಚಾಗಿ ನೀರಿನೊಳಗೇ ನಡೆಯುವುದರಿಂದ ನಮಗೆ ಕಾಣುವುದು ತಲೆಯ ಅಲುಗಾಟ ಮಾತ್ರ.

ಸಾಕ್ಷಿ ಬೇಕಿದ್ದರೆ ಹಕ್ಕಿಗಳು ಎದ್ದುಹೋದ ಮೇಲೆ ಬದುವಿನ ಮೇಲೆ ನಡೆಯಬೇಕು. ಖಾಲಿ ಚಿಪ್ಪುಗಳು ಅಲ್ಲಲ್ಲಿ ಬಿದ್ದಿರುತ್ತವೆ. ಒಂದನ್ನೆತ್ತಿ ಬಾಯಿಯ ಅಂಚನ್ನು ನೋಡಿ. ಚಿಪ್ಪು ಇಡಿಯಾಗಿದ್ದು ಒಳಗೆ ಶುದ್ಧ ಖಾಲಿಯಾಗಿದ್ದರೆ ಅದು ಬಾಯ್ಕಳಕದ ಕೆಲಸವಿರಬಹುದು. ಅಂಚನ್ನು ಹಲ್ಲಿನಿಂದ ಕೆರೆದಂತಿದ್ದರೆ ಹೆಗ್ಗಣದ್ದು. ಇನ್ನೊಂದು ಸೂಕ್ಷ್ಮ: ಮರಿಗಳ ಕೊಕ್ಕಿನಲ್ಲಿ ಸಂದು ಇರುವುದೇ ಇಲ್ಲ. ನೆಟ್ಟಗೆ, ಮಾಮೂಲಿ ಕೊಕ್ಕರೆಯಂತೆ ಇರುತ್ತದೆ. ಬೆಳೆದಂತೆಲ್ಲ ಬಾಯಿ ಕಳೆಯುತ್ತದೆ. ಹಿಂಡು ಕಂಡಾಗ ಸಂದಿಲ್ಲದವು ಎಷ್ಟು ಎಂದು ಎಣಿಸಿದರೆ ಎಳೆಯವು ಎಷ್ಟು ಎಂಬ ಲೆಕ್ಕ ಸಿಗುತ್ತದೆ. ಹೊಸಬರು ಇಲ್ಲೇ ಎಡವುವುದು. ಸಂದಿಲ್ಲ ಎಂದ ಮಾತ್ರಕ್ಕೆ ಬೇರೆ ಜಾತಿ ಎಂದು ಬರೆದುಕೊಂಡುಬಿಡುತ್ತಾರೆ.

ಅದೇ ನೀರಿನಲ್ಲಿ ಹತ್ತು ಮಾರು ಆಚೆ ಚಮಚ ಕೊಕ್ಕರೆ ಇದ್ದರೆ ಹೋಲಿಕೆಗೆ ಬಹಳ ಚೆನ್ನ. ಅದು ಕಣ್ಣಿಂದ ಹುಡುಕುವುದೇ ಇಲ್ಲ. ಕೊಕ್ಕನ್ನು ಅರೆ ತೆರೆದು ನೀರಿನೊಳಗಿಟ್ಟು, ಹೊಲದಲ್ಲಿ ಕುಡುಗೋಲು ಬೀಸುವವರಂತೆ ತಲೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ಮುಂದೆ ನಡೆಯುತ್ತದೆ. ಚಪ್ಪಟೆ ತುದಿಯ ಒಳಮೈಯಲ್ಲಿ ಸ್ಪರ್ಶದ ನರಗಳು ದಟ್ಟವಾಗಿರುತ್ತವೆ. ಸಿಗಡಿಯೋ ಸಣ್ಣ ಮೀನೋ ತಗುಲಿತೋ, ಚಮಚ ಮುಚ್ಚಿತು. ಬಣ್ಣದ ಕೊಕ್ಕರೆಯದೂ ಸ್ಪರ್ಶದ ಬೇಟೆಯೇ, ವಿಧಾನ ಮಾತ್ರ ಬೇರೆ. ಅದು ಬೀಸುವುದಕ್ಕಿಂತ ಹೆಚ್ಚಾಗಿ ಕಾಯುತ್ತದೆ. ಕೊಕ್ಕು ತೆರೆದು ನೀರಿಗಿಟ್ಟು, ಒಂದು ಕಾಲಿನಿಂದ ಕೆಸರು ಕಲಕಿ, ನಡುನಡುವೆ ಒಂದು ರೆಕ್ಕೆಯನ್ನು ಫಟ್ಟನೆ ಬಿಚ್ಚಿ ಮುಚ್ಚುತ್ತದೆ. ಹೆದರಿದ ಮೀನು ಓಡಿ ಬಂದು ತಾನಾಗಿಯೇ ಬಾಯಿಗೆ ತಗುಲುತ್ತದೆ. ಕಣ್ಣು ಬೇಡದ ಬೇಟೆಯಾದ್ದರಿಂದ ರಾಡಿ ನೀರೂ ನಡೆಯುತ್ತದೆ. ಆದರೆ ನೀರಿನ ಆಳ ಹೆಚ್ಚಾಗಬಾರದು. ಕೆರೆ ಕೋಡಿ ಬಿದ್ದ ತಿಂಗಳಲ್ಲಿ ಈ ಎರಡನ್ನೂ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬರುವವರು ಬಹಳ. ನೀರು ಇಳಿದು ದಂಡೆಯ ಕೆಸರು ಹೊರಬಿದ್ದಾಗ ಹೋಗಬೇಕು. ಇಳಿದಷ್ಟೂ ಮೀನು ಒತ್ತೊತ್ತಾಗುತ್ತದೆ, ಕೊಕ್ಕರೆಗಳೂ ಅಷ್ಟೇ.

ಬಣ್ಣದ ಕೊಕ್ಕರೆಯ ಕಾಲು ಬಿಸಿಲಿನಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುವುದುಂಟು. ಚಿತ್ರಪುಸ್ತಕದಲ್ಲಿ ಗುಲಾಬಿ ಎಂದಿದೆಯಲ್ಲ ಎಂದು ತಲೆ ಕೆರೆದುಕೊಳ್ಳಬೇಡಿ. ಸೆಕೆಗೆ ತನ್ನ ಕಾಲ ಮೇಲೆ ತಾನೇ ಹಿಕ್ಕೆ ಹಾಕಿಕೊಳ್ಳುತ್ತದೆ; ಅದರ ನೀರು ಆರುವಾಗ ಕಾಲಿನ ರಕ್ತ ತಂಪಾಗುತ್ತದೆ. ಅಸಹ್ಯ ಎನ್ನಿಸಬಹುದು, ಆದರೆ ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಮರದ ತುದಿಯ ಗೂಡಿನಲ್ಲಿ ದಿನವಿಡೀ ನಿಲ್ಲುವವರ ಕಷ್ಟ ಅವರಿಗೇ ಗೊತ್ತು. ಅದೇ ಹೊತ್ತಿನಲ್ಲಿ ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆ ಅಗಲಿಸಿ, ಮರಿಗಳಿಗೆ ಕೊಡೆಯಾಗಿ ನಿಂತಿರುತ್ತದೆ. ಮಧ್ಯಾಹ್ನ ಹಕ್ಕಿ ನೋಡಲು ಸಲ್ಲದು ಎಂಬ ಮಾತು ಕಾಡಿಗೆ ಸರಿ, ಗೂಡುಮರಗಳಿಗೆ ಹೊಂದುವುದಿಲ್ಲ. ಈ ಕೊಡೆ ಕಾಣಬೇಕಿದ್ದರೆ ಹನ್ನೆರಡರ ಮೇಲೆಯೇ ಹೋಗಬೇಕು.

ಗಂಟಲಚೀಲದ ಹೆಜ್ಜಾರ್ಲೆಯ (ಪೆಲಿಕನ್) ವಿಷಯಕ್ಕೆ ಬಂದರೆ ಕೊಕ್ಕರೆಬೆಳ್ಳೂರನ್ನು ಬಿಟ್ಟು ಮಾತಾಡುವಂತಿಲ್ಲ. ಮೈಸೂರು ಕಡೆಯಿಂದ ಹೋಗುವವರು ಹೆದ್ದಾರಿಯಲ್ಲಿ ಮದ್ದೂರು ದಾಟಿ, ರುದ್ರಾಕ್ಷಿಪುರದ ಬಳಿ ತಿರುಗಬೇಕು. ಶಿಂಷಾ ನದಿಗೆ ಹತ್ತಿರದ ಸಾಮಾನ್ಯ ಹಳ್ಳಿ. ಅಸಾಮಾನ್ಯವಾದದ್ದೇನೆಂದರೆ, ಮನೆ ಹಿತ್ತಲಿನ ಹುಣಸೆ, ಅರಳಿ, ಅತ್ತಿ ಮರಗಳ ಮೇಲೆ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಗೂಡು ಕಟ್ಟುತ್ತವೆ. ಕೆಳಗೆ ದನ ಕಟ್ಟಿರುತ್ತದೆ, ರಾಗಿ ಒಣಗುತ್ತಿರುತ್ತದೆ. ಊರವರು ಇವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಬರೀ ಭಾವುಕತೆಯೂ ಅಲ್ಲ: ಮರದಡಿ ಬೀಳುವ ಹಿಕ್ಕೆಯನ್ನು ಮಣ್ಣಿನೊಡನೆ ಬೆರೆಸಿ ಹೊಲಕ್ಕೆ ಹಾಕಿದರೆ ಒಳ್ಳೆಯ ಗೊಬ್ಬರ. ಹಾಗೆಂದು ಲೆಕ್ಕ ಪೂರ್ತಿ ಲಾಭದ್ದೂ ಅಲ್ಲ. ಹಿಕ್ಕೆ ಸುರಿದ ಹುಣಸೆಯ ಫಸಲು ಕೆಡುತ್ತದೆ, ಅದಕ್ಕೇ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ಬಂತು. ಗೂಡಿನಿಂದ ಜಾರಿಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಯುವಕರದೇ 'ಹೆಜ್ಜಾರ್ಲೆ ಬಳಗ' ಹುಟ್ಟಿತು. 2007ರಲ್ಲಿ ಈ ಊರನ್ನು ಸಮುದಾಯ ಮೀಸಲು ಎಂದು ಘೋಷಿಸಲಾಯಿತು.

ಹೆಜ್ಜಾರ್ಲೆಯ ಚೀಲದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ, ಅದರಲ್ಲಿ ಮೀನು ತುಂಬಿಕೊಂಡು ಹಾರುತ್ತದೆ ಎಂದು. ಚೀಲ ಬುತ್ತಿಯಲ್ಲ, ಬಲೆ. ನೀರಿನ ಸಮೇತ ಮೀನನ್ನು ಮೊಗೆದು, ಕೊಕ್ಕನ್ನು ಎದೆಗೆ ಒತ್ತಿ ನೀರು ಬಸಿದು, ಆಮೇಲೆ ತಲೆ ಎತ್ತಿ ನುಂಗುತ್ತದೆ. ಮರಿಗೆ ಒಯ್ಯುವುದು ಹೊಟ್ಟೆಯಲ್ಲಿ. ಗೂಡಿಗೆ ಬಂದ ಮೇಲೆ ಅದನ್ನು ಕಕ್ಕಿ ಕೊಡುತ್ತದೆ. ದೊಡ್ಡ ಮರಿಗಳು ತಂದೆತಾಯಿಯ ಗಂಟಲೊಳಗೆ ತಲೆ ತೂರಿಸಿಯೇ ತಿನ್ನುತ್ತವೆ. ಮೊದಲ ಸಲ ಕಂಡವರಿಗೆ ಮರಿಯನ್ನೇ ನುಂಗುತ್ತಿದೆಯೇನೋ ಅನ್ನಿಸುತ್ತದೆ. ಇನ್ನು ಕಾವು ಕೊಡುವುದು ಎದೆಯಿಂದಲ್ಲ, ಪಾದದಿಂದ. ನಾಲ್ಕೂ ಬೆರಳಿಗೆ ಜಾಲಪೊರೆಯಿರುವ ಪಾದಗಳನ್ನು ಮೊಟ್ಟೆಗೆ ತಾಗಿಸಿಟ್ಟು ಕೂರುತ್ತದೆ. ಬಿಸಿಲೇರಿದಾಗ ಚೀಲ ಪಟಪಟ ಅದುರುವುದನ್ನು ನೋಡಬಹುದು, ಅದು ಬೀಸಣಿಗೆಯ ಕೆಲಸ.

ಕೊಕ್ಕರೆಬೆಳ್ಳೂರಿಗೆ ಹೋಗುವವರು ಜನವರಿಯಿಂದ ಏಪ್ರಿಲ್ ನಡುವೆ ಹೋಗಲಿ. ಟೋಪಿ ಇರಲಿ, ಬಿಸಿಲಿಗಿಂತ ಮೇಲಿನಿಂದ ಬೀಳುವುದಕ್ಕೆ. ಮರದ ನೇರ ಕೆಳಗೆ ನಿಂತರೆ ಕಾಣುವುದು ಗೂಡಿನ ತಳ ಮಾತ್ರ. ನಲವತ್ತು ಐವತ್ತು ಹೆಜ್ಜೆ ದೂರ ಸರಿದರೆ ಗೂಡಿನೊಳಗಿನ ಸಂಸಾರ ಕಾಣುತ್ತದೆ. ಯಾರದಾದರೂ ಜಗಲಿಯ ಮೇಲೆ ಕೂರುವುದಿದ್ದರೆ ಮನೆಯವರನ್ನು ಒಂದು ಮಾತು ಕೇಳುವುದು ಮರ್ಯಾದೆ. ಗೂಡಿನಿಂದ ಬಿದ್ದ ಮರಿ ಕಂಡರೆ ಎತ್ತಬೇಡಿ, ಊರವರಿಗೆ ಹೇಳಿ. ನೀರು ಕುಡಿಸುತ್ತೇನೆಂದು ಕೊಕ್ಕು ತೆರೆದು ಸುರಿದರೆ ಅದು ಶ್ವಾಸನಾಳಕ್ಕೇ ಹೋಗುವ ಸಂಭವ ಹೆಚ್ಚು.

ಇನ್ನು ದುರ್ಬೀನಿನ ಮಾತು. ಅಂಗಡಿಯಲ್ಲಿ ದೊಡ್ಡ ಸಂಖ್ಯೆ ತೋರಿಸಿ ಮರುಳು ಮಾಡುತ್ತಾರೆ. 8×42 ಎಂದು ಬರೆದದ್ದನ್ನು ಕೇಳಿ ಪಡೆಯಿರಿ. 8 ಎಂದರೆ ಎಂಬತ್ತು ಮೀಟರ್ ದೂರದ ಹಕ್ಕಿ ಹತ್ತು ಮೀಟರ್ ದೂರದಲ್ಲಿ ಇದ್ದಂತೆ ಕಾಣುವುದು. 42 ಎಂದರೆ ಮುಂದಿನ ಗಾಜಿನ ವ್ಯಾಸ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬೀಳುವ ಬೆಳಕಿನ ಕಂಬದ ಅಗಲ ಅದು. ನಸುಕಿನಲ್ಲಿ ನಮ್ಮ ಕಣ್ಣಿನ ಪಾಪೆಯೂ ಸುಮಾರು ಅಷ್ಟೇ ಅಗಲಕ್ಕೆ ತೆರೆದಿರುತ್ತದೆ. ಜೇಬಿಗೆ ಹಿಡಿಯುವ 10×25ರಲ್ಲಿ ಇದು 2.5 ಮಾತ್ರ, ಆರು ಗಂಟೆಯ ಕೆರೆ ಅದರಲ್ಲಿ ಕತ್ತಲೆಯೇ. ಹನ್ನೆರಡು, ಹದಿನಾರು ಪಟ್ಟಿನವು ಕೈಯ ನಡುಕವನ್ನೂ ಅಷ್ಟೇ ಪಟ್ಟು ಹೆಚ್ಚಿಸುತ್ತವೆ. ಜೂಮ್ ಇರುವ ಅಗ್ಗದ ದುರ್ಬೀನಂತೂ ಬೇಡವೇ ಬೇಡ.

ತಂದ ಮೇಲೆ ಹೊಂದಿಸಿಕೊಳ್ಳುವ ಕ್ರಮವಿದೆ, ಹತ್ತರಲ್ಲಿ ಎಂಟು ಮಂದಿ ಇದನ್ನು ಮಾಡಿರುವುದಿಲ್ಲ. ಮೊದಲು ನಡುವಿನ ಕೀಲನ್ನು ಮಡಚಿ ಎರಡು ವೃತ್ತ ಒಂದಾಗುವಂತೆ ಮಾಡಿ. ಬಲಗಡೆಯ ಗಾಜನ್ನು ಅಂಗೈಯಿಂದ ಮುಚ್ಚಿ, ದೂರದ ಬೋರ್ಡಿನ ಅಕ್ಷರ ಎಡಗಣ್ಣಿಗೆ ಸ್ಪಷ್ಟವಾಗುವವರೆಗೆ ನಡುಚಕ್ರ ತಿರುಗಿಸಿ. ಈಗ ಎಡಗಡೆ ಮುಚ್ಚಿ, ನಡುಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಸಣ್ಣ ಉಂಗುರ ತಿರುಗಿಸಿ ಅದೇ ಅಕ್ಷರವನ್ನು ಸ್ಪಷ್ಟಪಡಿಸಿ. ಆ ಉಂಗುರ ಯಾವ ಗೆರೆಯಲ್ಲಿ ನಿಂತಿತು ಎಂದು ನೆನಪಿಟ್ಟುಕೊಂಡರೆ ಮುಗಿಯಿತು, ಇನ್ನು ಮೇಲೆ ನಡುಚಕ್ರ ಒಂದೇ ಸಾಕು. ಇದನ್ನು ಮಾಡದಿದ್ದರೆ ಅರ್ಧ ಗಂಟೆಗೆ ತಲೆನೋವು ಶುರು. ದುರ್ಬೀನು ಸರಿಯಿಲ್ಲ ಎಂದು ಅಟ್ಟಕ್ಕೆಸೆದವರಲ್ಲಿ ಹೆಚ್ಚಿನವರ ಕಥೆ ಇದೇ. ಕನ್ನಡಕ ಇರುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಗೆ ತಿರುಗಿಸಿಡಬೇಕು, ಇಲ್ಲದವರು ಹೊರಗೆ.

ಹಕ್ಕಿಯನ್ನು ದುರ್ಬೀನಿನೊಳಗೆ ಹಿಡಿಯುವುದೂ ಒಂದು ಕೈಚಳಕ. ಬರಿಗಣ್ಣಿಗೆ ಹಕ್ಕಿ ಕಂಡಿತೆ, ಅದರಿಂದ ದೃಷ್ಟಿ ಕೀಳದೆ, ಕತ್ತು ಅಲುಗಿಸದೆ, ದುರ್ಬೀನನ್ನು ಕಣ್ಣಿಗೆ ತನ್ನಿ. ಬಗ್ಗಿ ದುರ್ಬೀನು ನೋಡಿ, ಮತ್ತೆ ತಲೆಯೆತ್ತಿ ಹುಡುಕಿದರೆ ಬರೀ ಎಲೆ ಸಿಗುತ್ತದೆ. ಮಳೆಗಾಲದಲ್ಲಿ ಗಾಜಿನೊಳಗೆ ಜೇಡರಬಲೆಯಂತೆ ಶಿಲೀಂಧ್ರ ಹಬ್ಬುವುದು ನಮ್ಮ ಕಡೆ ಮಾಮೂಲು. ಚರ್ಮದ ಚೀಲದಲ್ಲೋ ಬೀರುವಿನಲ್ಲೋ ಮುಚ್ಚಿಡುವುದೇ ಅದಕ್ಕೆ ಕಾರಣ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಒರೆಸುವ ಮೊದಲು ಊದಬೇಕು. ಧೂಳಿನ ಕಣವನ್ನು ಊದಿ ಕಳೆಯದೆ ಪಂಚೆಯ ಚುಂಗಿನಿಂದ ಉಜ್ಜಿದರೆ ಗಾಜಿನ ಲೇಪ ಗೀರಿ ಹೋಗುತ್ತದೆ.

ಬೆಳಕಿನ ಲೆಕ್ಕ ಇದಕ್ಕಿಂತ ಮುಖ್ಯ. ಬೆಳಿಗ್ಗೆ ಕೆರೆಯ ಪೂರ್ವದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ಸಂಜೆ ಇದಕ್ಕೆ ತದ್ವಿರುದ್ಧ. ಸೂರ್ಯನಿಗೆ ಎದುರಾಗಿ ನೋಡಿದರೆ ಎಲ್ಲ ಹಕ್ಕಿಯೂ ಕಪ್ಪು. ಕೆಂಬರಲಿನ ರೆಕ್ಕೆಯ ಹಸಿರು ಹೊಳಪು, ನೀರುಕಾಗೆಯ ಕಣ್ಣಿನ ನೀಲಿ, ಒಂದೂ ಸಿಗುವುದಿಲ್ಲ. ಮೈಸೂರಿನವರಿಗೆ ಇದರ ಅಭ್ಯಾಸಕ್ಕೆ ಕುಕ್ಕರಹಳ್ಳಿ ಕೆರೆ ಹೇಳಿ ಮಾಡಿಸಿದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಈ ಕೆರೆಯ ಸುತ್ತ ನಡಿಗೆಯ ದಾರಿಯಿದೆ, ಹಾಗಾಗಿ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡೇ ಸುತ್ತು ಹಾಕಬಹುದು. ವಾಕಿಂಗ್ ಬಂದವರ ಮಧ್ಯೆ ಹಕ್ಕಿಗಳೂ ಮನುಷ್ಯರಿಗೆ ಒಗ್ಗಿಕೊಂಡಿವೆ.

ಬೆಳ್ಳಕ್ಕಿಗಳ ಗೊಂದಲವನ್ನೂ ಅಲ್ಲೇ ಬಿಡಿಸಿಕೊಳ್ಳಬಹುದು. ಕಪ್ಪು ಕೊಕ್ಕು, ಕಪ್ಪು ಕಾಲು, ಆದರೆ ಪಾದ ಮಾತ್ರ ಹಳದಿ ಸಾಕ್ಸು ಹಾಕಿದಂತಿದ್ದರೆ ಸಣ್ಣ ಬೆಳ್ಳಕ್ಕಿ. ದೊಡ್ಡದು ಮತ್ತು ಮಧ್ಯಮ ಗಾತ್ರದ್ದು ಬೇರೆಬೇರೆಯಾಗಿ ನಿಂತಾಗ ಗಾತ್ರ ನಂಬಿ ಕೆಡಬೇಡಿ. ಬಾಯಿಯ ಸೀಳುಗೆರೆ ನೋಡಿ. ಅದು ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡದು, ಕಣ್ಣಿನ ಕೆಳಗೇ ನಿಂತಿದ್ದರೆ ಮಧ್ಯಮ. ಇಲ್ಲೂ ಹೆಸರಿಗಿಂತ ಊಟದ ದಾರಿಯೇ ಚೆನ್ನ. ಸಣ್ಣ ಬೆಳ್ಳಕ್ಕಿ ಆ ಹಳದಿ ಪಾದವನ್ನು ನೀರಿನಲ್ಲಿ ನಡುಗಿಸಿ ಮೀನು ಎಬ್ಬಿಸುತ್ತದೆ, ದೊಡ್ಡದು ಕಂಬದಂತೆ ನಿಂತು ಕಾಯುತ್ತದೆ, ಗೋವಕ್ಕಿ ದನದ ಬಾಯಿಯ ಬಳಿ, ಈಗೀಗ ಟ್ರ್ಯಾಕ್ಟರಿನ ಹಿಂದೆ. ಪಕ್ಕದಲ್ಲೇ ಕೆಸರು ಬಣ್ಣದಲ್ಲಿ ಕೂತ ಕೊಳದ ಬಕ ಎದ್ದು ಹಾರಿದ ಕ್ಷಣ ಪೂರ್ತಿ ಬಿಳಿಯಾಗಿಬಿಡುತ್ತದೆ. ಕೂತಾಗ ರೆಕ್ಕೆಯ ಬಿಳುಪನ್ನು ಬೆನ್ನಿನ ಕಂದು ಮುಚ್ಚಿರುತ್ತದೆ, ಅಷ್ಟೇ ಮಾಯ.

ಹಾವಕ್ಕಿಯನ್ನು ಗುರುತಿಸಲು ಯಾವ ಪುಸ್ತಕವೂ ಬೇಡ. ಮೈ ಪೂರ್ತಿ ಮುಳುಗಿ ಕತ್ತು ಮಾತ್ರ ನೀರ ಮೇಲೆ ಹರಿಯುತ್ತದೆ, ದಂಡೆಯ ಮಕ್ಕಳು ಹಾವು ಹಾವು ಎಂದು ಕೂಗುತ್ತಾರೆ. ಕತ್ತಿನ ಎಂಟನೇ ಮಣಿಯ ಬಳಿ ಒಂದು ಮಡಿಕೆಯಿದೆ. ಅದು ಬಿಲ್ಲಿನ ಹಾಗೆ ಸೆಟೆದು ಬಿಟ್ಟಾಗ ಕೊಕ್ಕು ಭರ್ಜಿಯಂತೆ ಮೀನಿನ ಪಕ್ಕೆಗೆ ನಾಟುತ್ತದೆ. ನಾಟಿದ ಮೇಲೆ ಬೇರೆ ಪೀಕಲಾಟ: ಮೀನನ್ನು ಕೊಕ್ಕಿನಿಂದ ಬಿಡಿಸಿ, ಗಾಳಿಗೆಸೆದು, ತಲೆ ಮೊದಲಾಗಿ ಹಿಡಿಯಬೇಕು. ಬಾಲದ ಕಡೆಯಿಂದ ನುಂಗಿದರೆ ಈಜುರೆಕ್ಕೆಯ ಮುಳ್ಳು ಗಂಟಲಿಗೆ ಚುಚ್ಚುತ್ತದೆ. ಗರಿ ನೆನೆಯುವುದೇ ಇದರ ಉಪಾಯ, ಒದ್ದೆ ಗರಿಯಿಂದಾಗಿ ಮುಳುಗುವುದು ಸುಲಭ. ಅದರ ಬೆಲೆಯೇ ಬಂಡೆಯ ಮೇಲೆ ರೆಕ್ಕೆ ಹರವಿ ಒಗೆದ ಬಟ್ಟೆಯಂತೆ ಒಣಗುತ್ತಾ ನಿಲ್ಲುವುದು.

ಇವೆಲ್ಲವನ್ನೂ ಒಂದೇ ಕಡೆ ನೋಡುವ ಜಾಗ ರಂಗನತಿಟ್ಟು. 17ನೇ ಶತಮಾನದಲ್ಲಿ ಮೈಸೂರು ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಈ ನಡುಗಡ್ಡೆಗಳಾದವು. ನೀರು ಕಟ್ಟಿದ್ದು ಬೇಸಾಯಕ್ಕೆ, ಲಾಭ ಹಕ್ಕಿಗಳಿಗೂ ಆಯಿತು. ಸುತ್ತ ಹರಿವ ನೀರಿರುವುದರಿಂದ ಮರ ಹತ್ತುವ ಬೆಕ್ಕು, ನಾಯಿ, ಮನುಷ್ಯರ ಕಾಟ ಕಡಿಮೆ. ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡುತ್ತಿದ್ದಾಗ ಇದರ ಮಹತ್ವ ಮನಗಂಡು ಒಡೆಯರಿಗೆ ತಿಳಿಸಿದರು, 1940ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ದೋಣಿಯಲ್ಲಿ ಕೂರುವವರಿಗೆ ಎರಡು ಮಾತು. ಒಂದು, ದುರ್ಬೀನು ಹಿಡಿದಾಗ ಮೊಣಕೈಯನ್ನು ತೊಡೆಗೆ ಊರಿ, ಇಲ್ಲದಿದ್ದರೆ ದೋಣಿಯ ತೊನೆತಕ್ಕೆ ಹಕ್ಕಿ ನಿಲ್ಲುವುದಿಲ್ಲ. ಇನ್ನೊಂದು, ಎಲ್ಲರೂ ಮೊಸಳೆ ಕಡೆ ವಾಲಿದಾಗ ನೀವು ಪಕ್ಕದ ಬಂಡೆ ನೋಡಿ. ಮೊಸಳೆ ಬಾಯಿ ತೆರೆದು ಮಲಗಿರುವುದು ಯಾರನ್ನೂ ತಿನ್ನಲಲ್ಲ, ಮೈ ಬಿಸಿ ಇಳಿಸಲು; ಅದು ಅಲ್ಲೇ ಇರುತ್ತದೆ. ಬಂಡೆಯ ಮೇಲೆ ಬಂಡೆಯದೇ ಬಣ್ಣದಲ್ಲಿ ದೊಡ್ಡ ಕಲ್ಲುಗೊರವ ಕೂತಿರಬಹುದು. ದಪ್ಪ ಕೊಕ್ಕು, ಬೆದರಿದಂತೆ ಅಗಲವಾದ ಹಳದಿ ಕಣ್ಣು. ಕಣ್ಣು ಅಷ್ಟು ದೊಡ್ಡದೇಕೆಂದರೆ ಅದರ ಊಟ ಕತ್ತಲಲ್ಲಿ, ಏಡಿಯೇ ಮುಂತಾದವು. ಇಂಗ್ಲಿಷಿನಲ್ಲಿ ಇದಕ್ಕೆ ದಪ್ಪ ಮೊಣಕಾಲಿನದು ಎಂಬರ್ಥದ ಹೆಸರಿಟ್ಟಿದ್ದಾರೆ, ಆದರೆ ಆ ಗಂಟು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ಎಲ್ಲ ಹಕ್ಕಿಗಳೂ ತುದಿಗಾಲಲ್ಲೇ ನಡೆಯುವುದು. ನಿಜವಾದ ಮೊಣಕಾಲು ಹೊಟ್ಟೆಯ ಗರಿಯೊಳಗೆ ಅಡಗಿರುತ್ತದೆ.

ಕೆಆರ್‌ಎಸ್ ತುಂಬಿ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ತಗ್ಗಿನ ಗೂಡುಗಳು ಮುಳುಗುವುದೂ ಉಂಟು. ಮಳೆಗಾಲದಲ್ಲಿ ಹೊರಡುವ ಮುಂಚೆ ಅಣೆಕಟ್ಟಿನ ಹೊರಹರಿವಿನ ಸುದ್ದಿ ನೋಡಿಕೊಂಡೇ ಹೊರಡಿ. ದೋಣಿ ಇಲ್ಲದಿದ್ದರೂ ದಡದ ಮರಗಳಲ್ಲಿ ದೊಡ್ಡ ಬಾವಲಿಗಳಿರುತ್ತವೆ. ತಲೆಕೆಳಗಾಗಿ ತೂಗುತ್ತಾ, ಸೆಕೆಗೆ ರೆಕ್ಕೆಯನ್ನು ಬೀಸಣಿಗೆ ಮಾಡಿಕೊಂಡು, ಮೈ ನೆಕ್ಕಿಕೊಂಡು ತಂಪಾಗುತ್ತವೆ. ನೀರುನಾಯಿ ಕಾಣುವುದು ಅದೃಷ್ಟ, ಆದರೆ ನೀರಂಚಿನ ಬಂಡೆಯ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ಸಿಕ್ಕರೆ ಅದು ಓಡಾಡುವ ಜಾಗ ಅದೇ ಎಂದು ಗೊತ್ತಾಗುತ್ತದೆ.

ಶ್ರೀರಂಗಪಟ್ಟಣದ ಹತ್ತಿರವೇ ನಗುವನಹಳ್ಳಿಯಲ್ಲಿ ನೀಲಿಬಾಲದ ಕಳ್ಳಿಪೀರಗಳು ಬೇಸಿಗೆಯಲ್ಲಿ ಬಂದು ಮರಳುಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತವೆ. ಫೋಟೊ ತೆಗೆಯುವವರಿಗೆ ಇದು ಹಬ್ಬ, ಹಕ್ಕಿಗೆ ಅನೇಕ ಸಲ ಸಂಕಟ. ಇಲ್ಲಿ ಒಂದೇ ನಿಯಮ ಸಾಕು. ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ ಹಿಡಿದ ಹಕ್ಕಿ ತಂತಿಯ ಮೇಲೆ ಕೂತು ಬಿಲಕ್ಕೆ ಇಳಿಯದೆ ಸುತ್ತು ಹಾಕುತ್ತಿದ್ದರೆ, ನೀವು ತೀರಾ ಹತ್ತಿರ ಇದ್ದೀರಿ ಎಂದರ್ಥ. ಒಳಗೆ ಮರಿ ಹಸಿದಿದೆ. ಅದು ಇಳಿಯುವವರೆಗೆ ಹಿಂದಕ್ಕೆ ಸರಿಯುತ್ತಾ ಹೋಗಿ, ಎಲ್ಲಿ ಇಳಿಯಿತೋ ಅದು ನಿಮ್ಮ ಜಾಗ. ಜೇನುಹುಳ ಹಿಡಿದಿದ್ದರೆ ಅದನ್ನು ಕೊಂಬೆಗೆ ಬಡಿದು, ಹಿಂಭಾಗವನ್ನು ಉಜ್ಜಿ ವಿಷ ಹಿಂಡಿ ತೆಗೆಯುವುದನ್ನು ದೂರದಿಂದಲೇ ಚೆನ್ನಾಗಿ ನೋಡಬಹುದು. ಬಿಲದ ಬಾಯಿಯ ಮೇಲೆ ಕಾಲಿಟ್ಟರೆ ಸುರಂಗ ಕುಸಿಯುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಾಳಿಯೂ ಇಂಥದ್ದೇ. ಎದುರಾಳಿ ಬಂದನೆಂದು ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ.

ಚಳಿಗಾಲದ ಬೇರೆ ಸೊಗಸು ಬೇಕಿದ್ದವರು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋಗಬಹುದು. ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾದ ಕಡೆಯಿಂದ ಹಿಮಾಲಯ ದಾಟಿ ಬಂದು ಇಲ್ಲಿ ತಂಗುತ್ತವೆ. 7,000 ಮೀಟರಿಗೂ ಮೇಲೆ ಹಾರಿದ ದಾಖಲೆ ಈ ಹಕ್ಕಿಗಿದೆ. ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ರಕ್ತ ಅದರದು. ಅಷ್ಟು ದೂರದಿಂದ ಬಂದದ್ದು ಮಾಡುವ ಕೆಲಸವೇನು? ಕೊಯ್ದ ಗದ್ದೆಯ ಕೂಳೆ ಮೇಯುವುದು, ಹಗಲು ಕೆರೆಯಲ್ಲಿ ತೂಕಡಿಸುವುದು. ಅದೇ ಕೆರೆಯ ಎಲೆಗಳ ಮೇಲೆ ಮಾರುದ್ದ ಬೆರಳಿನ ಜಕಾನಾ ಓಡಾಡುತ್ತಿರುತ್ತದೆ. ಅಲ್ಲಿ ಮೊಟ್ಟೆಗೆ ಕಾವು ಗಂಡಿನದು, ಮರಿ ಸಾಕುವುದೂ ಗಂಡೇ. ಅಪಾಯ ಕಂಡರೆ ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ನಡೆಯುತ್ತದೆ, ಕೆಳಗೆ ಸಣ್ಣ ಕಾಲುಗಳು ಜೋಲುತ್ತಿರುತ್ತವೆ. ಆರೆಂಟು ಕಾಲಿನ ಹಕ್ಕಿ ಕಂಡೆ ಎಂದು ಯಾರಾದರೂ ಹೇಳಿದರೆ ನಗಬೇಡಿ.

ಬರೆದಿಡುವ ವಿಚಾರದಲ್ಲಿ ಆ್ಯಪ್‌ಗಳಿಗಿಂತ ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕೇ ವಾಸಿ. ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಸಹಾಯಕ್ಕೆ ಬರುತ್ತದೆ, ನಿಜ. ಆದರೆ ಕಾಜಾಣದಂಥ ಅಣಕುಗಾರ ಬೇರೆ ಹಕ್ಕಿಯ ದನಿ ತೆಗೆದರೆ ಅದೂ ಮೋಸ ಹೋಗುತ್ತದೆ. ಪುಸ್ತಕದಲ್ಲಿ ಸಮಯ, ಜಾಗ, ಎಷ್ಟು, ನೀರಿನ ಆಳ ಅಂದಾಜು ಎಲ್ಲಿಗೆ, ಏನು ತಿಂದಿತು ಎಂದು ಬರೆಯಿರಿ. ಗಾತ್ರಕ್ಕೆ ಗುಬ್ಬಿ, ಗೊರವಂಕ, ಕಾಗೆ, ಹದ್ದು ಎಂಬ ನಾಲ್ಕು ಅಳತೆ ಸಾಕು. ಚಿತ್ರ ಬಾರದವರೂ ಕೊಕ್ಕನ್ನಷ್ಟು ಬರೆಯಲಿ, ವಕ್ರವಾದರೂ ಚಿಂತೆಯಿಲ್ಲ. ಗೆರೆ ಎಳೆಯಲು ಹೊರಟಾಗಲೇ ನೋಡದೆ ಬಿಟ್ಟದ್ದೆಲ್ಲ ಗೊತ್ತಾಗುವುದು.

ಜೂನ್ ಬಂದು ಕೊಕ್ಕರೆಗಳ ಕಾಲ ಇಳಿದರೆ ಗೀಜಗನ ಸರದಿ. ನೀರಿನ ಬಾವಿಯ ಮೇಲೆ ಬಾಗಿದ ಜಾಲಿ ಮರವೋ ಈಚಲೋ ಹುಡುಕಿ, ಪಕ್ಕದಲ್ಲಿ ಕಬ್ಬಿನ ಗದ್ದೆಯಿದ್ದರೆ ಇನ್ನೂ ಒಳ್ಳೆಯದು. ಗಂಡು ಕಬ್ಬಿನ ಗರಿಯ ಅಂಚಿಗೆ ಕೊಕ್ಕಿನಿಂದ ಕಚ್ಚು ಹಾಕಿ, ಅದನ್ನು ಹಿಡಿದು ಹಾರುತ್ತದೆ, ಹಾರಿದ ರಭಸಕ್ಕೆ ಉದ್ದನೆಯ ಎಳೆ ಸೀಳಿ ಬರುತ್ತದೆ. ಗೂಡುಗಳು ಹೆಚ್ಚಾಗಿ ಮರದ ಪೂರ್ವಕ್ಕೆ ತೂಗುತ್ತವೆ, ಮುಂಗಾರು ಗಾಳಿ ಬಡಿಯುವುದು ನೈರುತ್ಯದಿಂದ. ಒಳಗೆ ಹಸಿಮಣ್ಣು ಮೆತ್ತಿರುತ್ತದೆ. ಅದಕ್ಕೆ ಮಿಂಚುಹುಳ ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂಬ ಕಥೆ ಚೆನ್ನಾಗಿದೆ, ಕಥೆ ಮಾತ್ರ. ಗೂಡು ಅರ್ಧವಾಗಿ ಉಯ್ಯಾಲೆಯಂತಾದಾಗ ಗಂಡು ಅದಕ್ಕೆ ಜೋತುಬಿದ್ದು ರೆಕ್ಕೆ ಬಡಿದು ಕೂಗುತ್ತದೆ. ಹೆಣ್ಣು ಬಂದು ಒಳಹೊಕ್ಕು, ಎಳೆಗಳನ್ನು ಜಗ್ಗಿ ನೋಡುತ್ತದೆ. ಒಪ್ಪಿದರೆ ಗಂಡು ಮೊಟ್ಟೆಕೋಣೆ, ಕೊಳವೆಬಾಗಿಲು ಮುಗಿಸಿ, ಇನ್ನೊಂದು ಹೆಣ್ಣಿಗಾಗಿ ಬೇರೆ ಗೂಡು ಹಿಡಿಯುತ್ತದೆ. ಒಪ್ಪದ್ದು ಅರ್ಧಕ್ಕೇ ಒಣಗಿ ಕಂದಾಗುತ್ತದೆ. ವಾರಕ್ಕೊಮ್ಮೆ ಅದೇ ಮರದಡಿ ನಿಂತು ಹಸಿರೆಷ್ಟು, ಕಂದೆಷ್ಟು, ಕೊಳವೆ ಇಳಿದವೆಷ್ಟು ಎಂದು ಎಣಿಸಿ ಬರೆಯುತ್ತಾ ಹೋದರೆ ಸೆಪ್ಟೆಂಬರ್ ಹೊತ್ತಿಗೆ ಆ ಮರದಲ್ಲಿ ಯಾವ ಗಂಡಿನ ಕೈಕೆಲಸ ಹೆಣ್ಣುಗಳಿಗೆ ಹಿಡಿಸಿತು, ಯಾವುದರದು ಹಿಡಿಸಲಿಲ್ಲ ಎಂದು ಕೊಂಬೆ ಕೊಂಬೆಯ ಲೆಕ್ಕ ಕೈಯಲ್ಲಿರುತ್ತದೆ. ಬಾವಿಯ ಕಟ್ಟೆಗೆ ಒರಗುವ ಮುಂಚೆ ಕಲ್ಲು ಗಟ್ಟಿಯಿದೆಯೇ ನೋಡಿಕೊಳ್ಳಿ.